ನಿಂತಾಗ ಮಾತ್ರ ನಡುಕ

20 ಸೆಪ್ಟೆಂಬರ್ 1982, ಸೋಮವಾರ

ಪುತ್ತೂರಿನ ಟಯರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ತಿಂಗಳು ಪಿಕಪ್ಪಿನ ಸೀಟಿನಡಿ ಸ್ಪ್ಯಾನರುಗಳ ಜೊತೆ ಬಿದ್ದಿತ್ತು. ಇವತ್ತು ಹೊರಗೆ ತೆಗೆದದ್ದು ನನ್ನ ಅಕ್ಷರ ನೋಡುವುದಕ್ಕೆ. ದಿನಾ ನಾಲ್ಕು ಸಾಲು ಬರೆದರೆ ಕೈ ಎಷ್ಟು ನಡುಗುತ್ತದೆಂದು ಕಾಗದವೇ ಹೇಳುತ್ತದೆ. ‘ಕೋಡಿಂಬಾಳ ತ್ಯಾಂಪಣ್ಣ ರೈ’ ಎಂದು ಬರೆದು ನೋಡಿದೆ. ‘ಳ’ದ ಬಾಲ ಸ್ವಲ್ಪ ಅಲುಗಿದ ಹಾಗಿದೆ. ಮೊದಲಿನಿಂದಲೂ ಹಾಗೆಯೇ ಇತ್ತೋ ಏನೋ. ಶಾಲೆ ಬಿಟ್ಟ ಮೇಲೆ ನನ್ನ ಅಕ್ಷರವನ್ನು ನಾನೇ ಸರಿಯಾಗಿ ನೋಡಿದವನಲ್ಲ.

ಪುತ್ತೂರಿನ ಸಂತೆಯಲ್ಲಿ ಇವತ್ತು ಮತ್ತೆ ಹಾಗಾಯಿತು. ಬ್ಯಾಟರಿ ಸೋತಿರುವುದರಿಂದ ನಾನು ಎಂಜಿನ್ ನಿಲ್ಲಿಸುವುದಿಲ್ಲ. ಊರಿನ ಹೆಂಗಸರು ಚೀಲ, ಬುಟ್ಟಿ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಹಿಂದೆ ಏರಿಸುವ ತನಕ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ. ಎರಡೂ ಕೈ ನಡುಗತೊಡಗಿದವು. ಮಣಿಕಟ್ಟಿನಿಂದ ಮೊಣಕೈಗೆ ಏರಿತು. ಗಾಡಿ ಬಿಟ್ಟು ದರ್ಬೆ ದಾಟಿದ ಮೇಲೆ ಏನೂ ಇಲ್ಲ, ಕೈ ಕಲ್ಲಿನ ಹಾಗೆ ಗಟ್ಟಿ. ಕಾಣಿಯೂರಿನಲ್ಲಿ ಜನ ಇಳಿಸಲು ನಿಂತಾಗ ಪುನಃ ಶುರು. ಇಳಿದು ಚಾ ಗ್ಲಾಸು ಎತ್ತಿದರೆ ಅಂಗೈಯೆಲ್ಲ ಜುಮುಜುಮು, ಅರ್ಧ ಚಾ ಅಂಗಿಯ ಮೇಲೆ.

“ಎಂತ ರೈಗಳೇ, ಬಿಸಿ ಹೆಚ್ಚಾಯ್ತಾ?” ಎಂದ ಹೋಟೆಲಿನವನು.

ಹೌದು ಎಂದೆ.

ಅಪ್ಪನಿಗೂ ಹೀಗೆಯೇ ಶುರುವಾದದ್ದು. ಜಗಲಿಯಲ್ಲಿ ಸುಮ್ಮನೆ ಕೂತರೆ ತೊಡೆಯ ಮೇಲಿದ್ದ ಕೈ ತಾನಾಗಿ ನಡುಗುತ್ತಿತ್ತು. ಅಡಕತ್ತರಿ ಹಿಡಿದ ಕೂಡಲೇ ನಿಲ್ಲುತ್ತಿತ್ತು. ಕೆಲಸದಲ್ಲಿ ಗಟ್ಟಿ, ಬಿಡುವಿನಲ್ಲಿ ನಡುಕ, ಅದೇ ಆ ಕಾಯಿಲೆಯ ಗುರುತು ಎಂದಿದ್ದರು ಮಂಗಳೂರಿನ ಡಾಕ್ಟರು. ಆಮೇಲೆ ಅಡಕತ್ತರಿಯೂ ಕೈಬಿಟ್ಟಿತು, ಗಂಜಿಯ ಚಮಚವೂ ಕೈಬಿಟ್ಟಿತು.

ಓಡುವಾಗ ಗಟ್ಟಿ, ನಿಂತಾಗ ನಡುಕ. ನನ್ನದೂ ಅದೇ ಲೆಕ್ಕ. ಮೋಹಿನಿಗೆ ಹೇಳಿಲ್ಲ.

23 ಸೆಪ್ಟೆಂಬರ್, ಗುರುವಾರ

ಮೋಹಿನಿ ಬಚ್ಚಲಿಗೆ ಹೋದ ಹೊತ್ತು ನೋಡಿ ಕನ್ನಡಿಯ ಎದುರು ಎರಡೂ ಕೈ ಮುಂದೆ ಚಾಚಿ, ಅದರ ಮೇಲೆ ಪೇಪರಿನ ಹಾಳೆ ಹರಡಿ ನಿಂತೆ. ಹಾಳೆ ಅಲುಗಿದರೆ ಕೈ ನಡುಗಿದ ಹಾಗೆ. ಹಾಳೆ ಅಲುಗಿತು. ಕಿಟಕಿಯಿಂದ ಗಾಳಿ ಬರುತ್ತಿದೆ ಎಂದು ಕಿಟಕಿ ಹಾಕಿ ಬರುವಷ್ಟರಲ್ಲಿ ಅವಳು ಬಾಗಿಲಲ್ಲಿ.

“ಯಾರಿಗೆ ಆಶೀರ್ವಾದ ಮಾಡುದು?”

“ಯೋಗಾಸನ” ಎಂದೆ.

“ಪೇಪರ್ ಹಾಕಿಕೊಂಡಾ?”

ಅವಳು ನಗುತ್ತಾ ಹೋದಳು. ಐವತ್ತೊಂದು ವರ್ಷದ ಗಂಡಸು ಹೆಂಡತಿಗೆ ಹೆದರಿ ಕಿಟಕಿ ಹಾಕುವ ಕಾಲ ಬಂತು.

ಎಡಮಂಗಲದ ಒಂದು ಮದುವೆ ಬಾಡಿಗೆ ಬಂದಿತ್ತು, ಬೇಡ ಎಂದೆ. ಮದುಮಗಳನ್ನು ಕೂರಿಸಿಕೊಂಡು ಹೋಗುವಾಗ ಈ ನಡುಕ ಓಡುವಾಗಲೂ ಬಂದರೆ? ಹೊಸ್ಮಠದ ಸೇತುವೆಗೆ ಕೈತಡೆಯೇ ಇಲ್ಲ.

24 ಸೆಪ್ಟೆಂಬರ್, ಶುಕ್ರವಾರ

ಮಳೆ. ಬಾಡಿಗೆ ಇಲ್ಲ. ಅಕ್ಷರ ಪರವಾಗಿಲ್ಲ.

27 ಸೆಪ್ಟೆಂಬರ್, ಸೋಮವಾರ

ಮಾತು ಕೊಟ್ಟು ಬಂದೆ.

ಕಿಟ್ಟಣ್ಣ ಭಾವ ಅಂದರೆ ನನ್ನ ಅಕ್ಕ ಚೆನ್ನುವಿನ ಗಂಡ. ಕಡಬದಲ್ಲಿ ರಬ್ಬರ್ ಶೀಟಿನ ವ್ಯಾಪಾರ. ನನ್ನ ಪಿಕಪ್ಪಿನ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು. ಗಾಡಿ ಓಡಿಸಲು ಬರುವುದಿಲ್ಲ, ಆದರೂ ಎದುರಿನ ಗಾಜಿನ ಮೇಲೆ ತಮ್ಮ ಮನೆಯ ಹೆಸರಿರಬೇಕೆಂಬ ಆಸೆ. ಒಮ್ಮೆ ಫೋಟೋಕ್ಕೆಂದು ಡ್ರೈವರ್ ಸೀಟಿನಲ್ಲಿ ಕೂತಾಗ ನಾನು ಬಾಗಿಲಿನಿಂದ ಕೈ ತೆಗೆಯದೆ ನಿಂತಿದ್ದೆ. ಆ ಸೀಟಿನಲ್ಲಿ ನಾನು ಬೇರೆಯವರನ್ನು ಕೂರಿಸುವುದಿಲ್ಲ. ಸೀಟು ನನ್ನ ಬೆನ್ನಿಗೆ ಒಗ್ಗಿದೆ, ಬೇರೆಯವರು ಕೂತರೆ ಕೆಡುತ್ತದೆ.

ಅಂಥವನು ಇವತ್ತು ಹೋಗಿ, “ಭಾವ, ಈ ಸಲದ ಆಯುಧಪೂಜೆ ನಿಮ್ಮ ಮನೆಯಲ್ಲೇ ಆಗಲಿ. ಗಾಡಿ ನೀವೇ ಇಟ್ಕೊಳ್ಳಿ” ಎಂದೆ.

ಅವರು ಬಾಯಿಯ ವೀಳ್ಯವನ್ನು ಉಗುಳಿ ಬಂದು ಕೇಳಿದರು: “ತಮಾಷೆಯಾ?”

“ಅಲ್ಲ. ಕೂತು ಕೂತು ಸೊಂಟ ಹಿಡಿದಿದೆ.”

ಅಪ್ಪನ ಕಾಯಿಲೆ ನೋಡಿದವರಲ್ಲಿ ಅವರೂ ಒಬ್ಬರು. ಅವರೆದುರು ಕೈಯ ಮಾತು ಎತ್ತಲು ನನ್ನಿಂದಾಗಲಿಲ್ಲ. ವಾಪಸು ಬರುವಾಗ ಗಾಡಿ ಎಷ್ಟು ಚೆಂದ ಓಡಿತೆಂದರೆ, ಮನೆ ಬಂದದ್ದೇ ಗೊತ್ತಾಗಲಿಲ್ಲ. ಅಂಗಳದಲ್ಲಿ ನಿಲ್ಲಿಸಿದೆ. ಕೈ ನಡುಗಿತು.

30 ಸೆಪ್ಟೆಂಬರ್, ಗುರುವಾರ

ಚೆನ್ನಕ್ಕ ಬಂದು ಮೋಹಿನಿಗೆ ಎಲ್ಲ ಹೇಳಿ ಹೋದಳು. ಸಂಜೆ ದೀಪ ಹಚ್ಚಿ ಮೋಹಿನಿ ನನ್ನ ಕಡೆ ತಿರುಗಿದಳು. ಕೇಳಿದ್ದು ಒಂದೇ ಮಾತು:

“ಸೊಂಟ ನೋವಿನವರು ನಿನ್ನೆ ಹಲಸಿನ ಮರ ಹತ್ತಿದ್ದು ಯಾಕೆ?”

ಭಾವ ಆಗಲೇ ಪೇಂಟರನಿಗೆ ಹೇಳಿ ಬೋರ್ಡು ಬರೆಸಿದ್ದಾರಂತೆ. ಹಳದಿಯ ಮೇಲೆ ಕೆಂಪು ಅಕ್ಷರ.

4 ಅಕ್ಟೋಬರ್, ಸೋಮವಾರ

ಸಂತೆಯ ಜನರನ್ನು ಇಳಿಸಿ ಪುತ್ತೂರಿನ ಡಾಕ್ಟರ ಹತ್ತಿರ ಹೋದೆ. ಬೆಂಚಿನಲ್ಲಿ ಕೂತಷ್ಟು ಹೊತ್ತು ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದೆ. ಒಳಗೆ ಹೋದೆ. ಅವರು ಕನ್ನಡಕದ ಮೇಲಿನಿಂದ ನೋಡಿ “ಎಂತ?” ಎಂದರು. ಗೋಡೆಯಲ್ಲಿ ಮನುಷ್ಯನ ನರಗಳದ್ದೊಂದು ಚಿತ್ರ, ಕೆಂಪು ನೀಲಿ ಗೆರೆಗಳು ಬೆರಳ ತುದಿಯ ತನಕ.

“ಕೆಮ್ಮು” ಎಂದೆ.

ಎದೆ ನೋಡಿದರು, ಬೆನ್ನು ನೋಡಿದರು, ಕೆಮ್ಮಿ ತೋರಿಸಿ ಎಂದರು, ತೋರಿಸಿದೆ. ದೊಡ್ಡ ಬಾಟ್ಲಿಯ ಮದ್ದು ಬರೆದುಕೊಟ್ಟರು. ಅಂಗಿಯ ಕಿಸೆಯಲ್ಲಿ ಚೀಟಿ ಮೋಹಿನಿಗೆ ಸಿಕ್ಕಿತು. ಇನ್ನು ಬಾಟ್ಲಿ ಮುಗಿಯುವ ತನಕ ಹೊತ್ತಿಗೆ ಸರಿಯಾಗಿ ಅವಳು ಕುಡಿಸದೆ ಬಿಡುವುದಿಲ್ಲ. ಬೇವಿನ ಕಷಾಯಕ್ಕೆ ಸಕ್ಕರೆ ಹಾಕಿದ ಹಾಗಿದೆ.

7 ಅಕ್ಟೋಬರ್, ಗುರುವಾರ

ಇವತ್ತು ಎಷ್ಟು ಪುಟವಾದರೂ ಬರೆಯುತ್ತೇನೆ!

ಬೆಳಿಗ್ಗೆ ಬೈಲಿನ ಮನೆಯಿಂದ ರಬ್ಬರ್ ಶೀಟು ಹೇರಿಕೊಂಡು, ಬುತ್ತಿ ತಕ್ಕೊಂಡು ಹೋಗುವ ಎಂದು ಮನೆಯಂಗಳಕ್ಕೆ ಬಂದೆ. ಎಂಜಿನ್ ನಿಲ್ಲಿಸಲಿಲ್ಲ. ನಮ್ಮ ಮನೆಯ ಶೀಟಿನ ಕಟ್ಟೂ ಒಂದಿತ್ತು, ಅದನ್ನು ತರಲು ಶೀಟು ಒಣಗಿಸುವ ಹೊಗೆಗೂಡಿಗೆ ಹೋದೆ. ಮೋಹಿನಿ ಬುತ್ತಿ ಹಿಡಿದು ಬಂದಳು. ಎಡಬದಿಯ ಬಾಗಿಲಿಗೆ ಮೊದಲೇ ಹೇರಿದ್ದ ಶೀಟಿನ ಒಂದು ಕಟ್ಟು ಅಡ್ಡ ಇತ್ತು. ಅವಳು ಬಲಗಡೆಯಿಂದ, ಸ್ಟೇರಿಂಗ್ ಹಿಡಿದು ಮೇಲೆ ಹತ್ತಿದಳು. ಹತ್ತಿದವಳು ಅಲ್ಲೇ ನಿಂತಳು.

“ಏ, ಸ್ವಲ್ಪ ಇಲ್ಲಿ ಬನ್ನಿ. ಇದಕ್ಕೆಂತ ಚಳಿಜ್ವರವಾ?”

“ಯಾವುದಕ್ಕೆ?”

“ಈ ಚಕ್ರಕ್ಕೆ. ನೋಡಿ, ನನ್ನ ಬಳೆ!”

ಕಟ್ಟನ್ನು ಅಂಗಳದಲ್ಲೇ ಬಿಸಾಡಿ ಓಡಿದೆ. ಸ್ಟೇರಿಂಗಿನ ಮೇಲೆ ಅವಳ ಎರಡೂ ಕೈ ನಡುಗುತ್ತಿದ್ದವು. ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. “ಬಿಡು” ಎಂದೆ, ಬಿಟ್ಟಳು. ಬಳೆ ಸುಮ್ಮನಾಯಿತು. “ಹಿಡಿ” ಎಂದೆ. ಕಿಣಿಕಿಣಿ. ಪುನಃ ಬಿಡಿಸಿ ಆ ಚಕ್ರವನ್ನೇ ನೋಡಿದೆ. ಯಾರೂ ಮುಟ್ಟದೆ ಅದು ತಾನಾಗಿ ನಡುಗುತ್ತಿತ್ತು, ಅದರ ಅಂಚು ಎರಡೆರಡಾಗಿ ಕಾಣುವಷ್ಟು. ಇಷ್ಟು ದಿನ ನಾನು ನನ್ನ ಕೈಯನ್ನು ನೋಡಿದ್ದೇ ಹೊರತು ಚಕ್ರವನ್ನು ನೋಡಿಯೇ ಇರಲಿಲ್ಲ!

ನಗು ಬಂತು. ನಿಲ್ಲಿಸಲಾಗಲಿಲ್ಲ. ಗಾಡಿಯ ಮಡ್‌ಗಾರ್ಡಿನ ಮೇಲೆ ತಲೆಯಿಟ್ಟು ನಗುತ್ತಿದ್ದವನಿಗೆ ಯಾವಾಗಲೋ ಅಳು ಬಂದಿತ್ತು. ಮೋಹಿನಿ ಹೆದರಿ ಕೆಳಗಿಳಿದು ಬೆನ್ನು ಹಿಡಿದಳು. ಆಗ ಎಲ್ಲ ಹೇಳಿದೆ. ಸಂತೆ, ಚಾ, ಅಪ್ಪ, ಪೇಪರಿನ ಹಾಳೆ, ಭಾವನಿಗೆ ಕೊಟ್ಟ ಮಾತು, ಡಾಕ್ಟರು.

ಅವಳು ಎಲ್ಲ ಕೇಳಿ ಮುಗಿಸಿದಳು. ಆಮೇಲೆ, “ಹಾಗಾದರೆ ಕೆಮ್ಮೂ ಇರಲಿಲ್ಲವಾ? ಅಷ್ಟು ಮದ್ದು ಕುಡಿಸಿದೆನಲ್ಲ ನಾನು!” ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು, ಆಮೇಲೆ ತನ್ನದೂ. “ಇಷ್ಟು ದಿನ ಒಬ್ಬರೇ ಹೆದರಿಕೊಂಡು ಕೂತದ್ದಾ? ನನಗೆ ಹೇಳಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತು.”

“ಆದರೆ ಕಾಣಿಯೂರಿನಲ್ಲಿ ಚಾ ಚೆಲ್ಲಿತಲ್ಲ?”

“ಇಂಥದನ್ನು ಹಿಡಿದು ಕೂತರೆ ಯಾರ ಕೈಯೂ ಮರಗಟ್ಟುತ್ತದೆ. ಮೇಲಿಂದ ಹೆದರಿಕೆ ಬೇರೆ.”

ಇರಬಹುದು. ಆದರೆ ಪೂರಾ ನಗುವ ಹಾಗಿಲ್ಲ. ಚಕ್ರದ ನಡುಕ ನಿಂತ ಮೇಲೆ ನನ್ನ ಕೈಯೂ ನಿಲ್ಲಬೇಕು. ಅದು ಗೊತ್ತಾಗುವುದು ಗಾಡಿ ಸರಿಯಾದ ಮೇಲೆಯೇ. ಆಯುಧಪೂಜೆ 26ಕ್ಕೆ.

8 ಅಕ್ಟೋಬರ್, ಶುಕ್ರವಾರ

ಕಡಬದ ಪೇಟೆ ಮುಗಿಯುವಲ್ಲಿ ಹಲಸಿನ ಮರದ ಕೆಳಗೆ ಹಸನಬ್ಬನ ಗ್ಯಾರೇಜು. ನನ್ನ ಗಾಡಿಗೆ ಮೊದಲಿನಿಂದಲೂ ಅವನದೇ ಕೈ. ಸ್ಟೇರಿಂಗ್ ಹಿಡಿದು ನೋಡಿ ಅವನೆಂದ:

“ಡೀಸೆಲ್ ಗಾಡಿ ಮಾರಾಯ್ರೆ, ನಡುಗದೆ ಎಂತ ಮಾಡ್ತದೆ?”

“ಇಷ್ಟು ನಡುಗುವುದಾ?”

“ಇಷ್ಟಲ್ಲ” ಎಂದು ಒಪ್ಪಿಕೊಂಡ.

ಅಲ್ಲಿದ್ದ ಲಾರಿಯ ಕಬೀರ್, ಟಯರ್ ಸವೆದಿರಬೇಕು, ಬದಲಿಸಿ ಎಂದ. ಹಸನಬ್ಬ ಅವನನ್ನು ನೋಡಿ, “ನಿಂತ ಗಾಡಿಯ ಟಯರ್ ಎಂತ ತೊಂದರೆ ಕೊಡ್ತದೆ? ಅದು ಮಲಗಿದೆ. ತಿರುಗುದು ಎಂಜಿನ್ ಒಂದೇ. ಕಳ್ಳ ಅಲ್ಲೇ ಇರಬೇಕು” ಎಂದ. ಕೇಳಿ ನನಗೆ ಬಹಳ ಸಮಾಧಾನವಾಯಿತು. ಹುಡುಕಬೇಕಾದ ಜಾಗ ಅಷ್ಟಾದರೂ ಕಡಿಮೆಯಾಯಿತಲ್ಲ.

ಎಂಜಿನ್ ನಿಂತಲ್ಲಿ ತೀರಾ ನಿಧಾನ ತಿರುಗುತ್ತಿದೆ ಎಂದು ಸ್ಲೋ ಸ್ಪೀಡಿನ ಸ್ಕ್ರೂ ತಿರುವಿ ವೇಗ ಏರಿಸಿದ. ನಡುಕ ಅರ್ಧ ಇಳಿಯಿತು. ಆದರೆ ಗಾಡಿ ಅಕ್ಕಿಯ ಮಿಲ್ಲಿನ ಹಾಗೆ ಸದ್ದು ಮಾಡುತ್ತಿದೆ. ಮನೆಗೆ ಬಂದಾಗ ಮೋಹಿನಿ ಹೊರಗೆ ಬಂದು, “ಯಾರ ಭತ್ತ?” ಎಂದು ಕೇಳಿದಳು.

12 ಅಕ್ಟೋಬರ್, ಮಂಗಳವಾರ

ಸ್ಲೋ ಮೊದಲಿನ ಹಾಗೆ ಇಳಿಸಿದೆವು. ಸದ್ದಿನಡಿ ರೋಗ ಮುಚ್ಚಿಟ್ಟರೆ ಪ್ರಯೋಜನವಿಲ್ಲ.

ಇವತ್ತು ಡೀಸೆಲ್ ಚಿಮ್ಮಿಸುವ ನೋಝಲ್‌ಗಳ ಸರದಿ. ಎಂಜಿನ್ನಿನ ನಾಲ್ಕು ಕೋಣೆಗಳಲ್ಲಿ ಒಂದು ಕೆಲಸಗಳ್ಳನಾದರೆ ಉಳಿದ ಮೂರು ಕುಂಟುತ್ತವೆ, ಕುಂಟಿದರೆ ನಡುಕ. ಹಸನಬ್ಬ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಡೀಸೆಲ್ ಪೈಪಿನ ನಟ್ಟು ಸಡಿಲಿಸಿದ. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಕೋಣೆ ಒಳ್ಳೆಯದು, ಏನೂ ವ್ಯತ್ಯಾಸವಾಗದಿದ್ದರೆ ಅದೇ ಕಳ್ಳ. ಒಂದನ್ನು ಬಿಟ್ಟ, ತಡವರಿಸಿತು. ಇನ್ನೊಂದು, ತಡವರಿಸಿತು. ನಾಲ್ಕೂ ಪ್ರಾಮಾಣಿಕರು. ಫ್ಯಾನಿನ ಎಲೆಗಳೂ ನೆಟ್ಟಗಿವೆ. ನಮಗಿಬ್ಬರಿಗೂ ಡೀಸೆಲ್ ಸ್ನಾನವಾದದ್ದೇ ಲಾಭ.

“ಸಿಗ್ತದೆ, ಎಲ್ಲಿ ಹೋಗ್ತದೆ” ಎಂದ ಹಸನಬ್ಬ. ಅವನ ಉಮ್ಮ ಹವ್ವಮ್ಮ ಮಗನ ಊಟದ ಜೊತೆ ನನಗೂ ಅಕ್ಕಿಯ ಪತ್ತಿರಿ ಮತ್ತು ಮೀನುಸಾರು ಕಳಿಸಿದ್ದರು. ಗ್ಯಾರೇಜಿನ ಬೆಂಚಿನಲ್ಲಿ ಕೂತು ಹೊಟ್ಟೆ ತುಂಬ ತಿಂದೆ.

14 ಅಕ್ಟೋಬರ್, ಗುರುವಾರ

ಹಸನಬ್ಬನೇ ಮನೆಗೆ ಬಂದ. ಎಂಜಿನ್ನನ್ನು ಚಾಸಿಸಿನ ಮೇಲೆ ಕೂರಿಸುವಲ್ಲಿ ಎರಡು ಬದಿಗೆ ದಪ್ಪ ರಬ್ಬರಿನ ಮೌಂಟಿಂಗ್ ಇರುತ್ತದೆ, ನಡುಕವನ್ನು ನುಂಗುವುದೇ ಅದರ ಕೆಲಸ. ಅದು ಸತ್ತಿದೆಯಾ ನೋಡಲು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಗೇರು ಹಾಕಿ, ಕ್ಲಚ್ಚನ್ನು ಚೂರು ಬಿಡಬೇಕು. ಆಗ ಎಂಜಿನ್ ಎಷ್ಟು ಎದ್ದು ಕುಣಿಯುತ್ತದೆ ಎಂದು ಬಾನೆಟ್ ತೆರೆದು ನೋಡಬೇಕು. ನೋಡಲು ಹಸನಬ್ಬ, ಟಾರ್ಚು ಹಿಡಿದು ತೋರಿಸಲು ನಾನು ಬೇಕು. ಪೆಡಲ್ ಒತ್ತಲು ಯಾರು?

“ನಾನು ಒತ್ತುತ್ತೇನೆ” ಎಂದು ಮೋಹಿನಿ ಹತ್ತಿ ಕೂತೇಬಿಟ್ಟಳು.

ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು ಎಂದು ತೋರಿಸಿದೆ. ಮೊದಲ ಸಲ ಕ್ಲಚ್ಚು ಒಮ್ಮೆಲೇ ಬಿಟ್ಟಳು. ಗಾಡಿ ಕಪ್ಪೆಯ ಹಾಗೆ ಹಾರಿ ನಿಂತಿತು, ಹಸನಬ್ಬ ಬಸಳೆಯ ಚಪ್ಪರಕ್ಕೆ ಹಾರಿದ. “ಅಮ್ಮಾ, ನನಗೆ ಮಕ್ಕಳಿದ್ದಾರೆ!” ಎರಡನೆಯ ಸಲ ಎಷ್ಟು ನಾಜೂಕಾಗಿ ಬಿಟ್ಟಳೆಂದರೆ, ಎಂಜಿನ್ನಿನ ಎಡಬದಿ ಮೆಲ್ಲ ಮೇಲೆದ್ದು ಬಾಗಿದ್ದು ನಮಗೆ ಚೆನ್ನಾಗಿ ಕಂಡಿತು.

“ಸಿಕ್ಕಿತು!” ಎಂದ ಹಸನಬ್ಬ. ಬಿಚ್ಚಿದಾಗ ಎಡಗಡೆಯ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಬಿರಿದಿತ್ತು. ಬೆರಳು ಹಾಕಿದರೆ ತುಂಡು ತುಂಡಾಗಿ ಬಂತು.

15 ಅಕ್ಟೋಬರ್, ಶುಕ್ರವಾರ

ಕಡಬದಲ್ಲಿ ಈ ಮೌಂಟಿಂಗ್ ಇಲ್ಲ. ಪುತ್ತೂರಿನಲ್ಲಿ ವಿಚಾರಿಸಿದರೆ ಅಲ್ಲಿಯೂ ಮುಗಿದಿದೆ. ಸುಳ್ಯದ ಒಂದು ಅಂಗಡಿಯಲ್ಲಿ ಸಿಕ್ಕಿತು. ಸುಳ್ಯದಿಂದ ಬಸ್ಸಿನಲ್ಲಿ ಬರುತ್ತಾ ಬರೆಯುತ್ತಿದ್ದೇನೆ. ಕಿಟಕಿಯ ಬದಿ ಸಿಕ್ಕಿದೆ, ಎರಡು ಮೌಂಟಿಂಗುಗಳನ್ನೂ ಮಡಿಲಲ್ಲಿಟ್ಟುಕೊಂಡಿದ್ದೇನೆ. ಪಕ್ಕದವರು ಇದು ಯಾವ ತಿಂಡಿ ಎಂದು ಇಣುಕಿ ನೋಡಿದರು. ರಸ್ತೆಯ ಗುಂಡಿಯಿಂದ ಅಕ್ಷರ ಕೋಳಿ ಕೆದಕಿದ ಹಾಗೆ ಬೀಳುತ್ತಿದೆ, ಯಾರು ಓದಬೇಕು ಇದನ್ನು. ಸುಳ್ಯದಲ್ಲಿ ಒಳ್ಳೆಯ ಗೋಳಿಬಜೆ ತಿಂದೆ, ಮೋಹಿನಿಗೂ ಕಟ್ಟಿಸಿಕೊಂಡೆ.

16 ಅಕ್ಟೋಬರ್, ಶನಿವಾರ

ಹೊಸ ಮೌಂಟಿಂಗ್ ಎರಡೂ ಕೂತವು. ಎಂಜಿನ್ ಈಗ ಕುರ್ಚಿಯಲ್ಲಿ ಕೂತ ಪಟೇಲರ ಹಾಗೆ ಕೂತಿದೆ.

ಮೋಹಿನಿ ಹತ್ತಿ ಸ್ಟೇರಿಂಗ್ ಹಿಡಿದಳು. ನಾವಿಬ್ಬರೂ ಉಸಿರು ಹಿಡಿದು ಕಿವಿಗೊಟ್ಟೆವು.

ಕಿಣಿ. ಕಿಣಿ. ಕಿಣಿ.

ಮೊದಲಿಗಿಂತ ಎಷ್ಟೋ ಕಡಿಮೆ. ಆದರೆ ಇದೆ. ಹಸನಬ್ಬ ಸ್ಪ್ಯಾನರು ಕೆಳಗಿಟ್ಟು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

17 ಅಕ್ಟೋಬರ್, ಭಾನುವಾರ

ಇವತ್ತು ಏನೂ ಬೇಡ ಎನಿಸಿತು. ಭಾವ ಬಂದು ಹೋದರು. ಬೋರ್ಡು ತಂದಿದ್ದರು, ಅಳತೆ ನೋಡಲು. ಗಾಜಿನ ಮೇಲೆ ಸರಿಯಾಗಿ ಕೂರುತ್ತದೆ.

19 ಅಕ್ಟೋಬರ್, ಮಂಗಳವಾರ

ಊಟ ಮಾಡುತ್ತಿದ್ದಾಗ ಮೋಹಿನಿ ಇದ್ದಕ್ಕಿದ್ದ ಹಾಗೆ ಹೇಳಿದಳು: “ನಾನು ಅಲ್ಲಿ ಕೂತಾಗ ಎಡಗಾಲಿಗೇ ಹೆಚ್ಚು ನಡುಗುದು. ಬಲಗಾಲಿಗೆ ಅಷ್ಟಿಲ್ಲ.”

“ಕ್ಲಚ್ಚಿನಿಂದಲಾ?”

“ಕ್ಲಚ್ಚು ಮುಟ್ಟದಿದ್ದರೂ. ಕೆಳಗಿನ ತಗಡೇ ನಡುಗ್ತದೆ.”

ಇಷ್ಟು ವರ್ಷ ಕೂತ ನನಗೆ ಇದು ಗೊತ್ತಾಗಿರಲಿಲ್ಲ. ನನ್ನ ಕಾಲಿಗೆ ಚಪ್ಪಲಿ ಇರುತ್ತದೆ, ಅವಳು ಬರಿಗಾಲಲ್ಲಿ ಕೂತಿದ್ದಳು. ಅರ್ಧ ಊಟದಲ್ಲಿ ಎದ್ದೆ. ನಾಲ್ಕೂ ಟಯರಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲ್ ಮಾಡಿ, ಅಡಿಕೆ ಮರದ ಒಂದು ಸಲಾಕೆ ಹಿಡಿದು ಗಾಡಿಯ ಅಡಿಗೆ ನುಸುಳಿದೆ. ಮೇಲೆ ಮೋಹಿನಿ ಎಂಜಿನ್ ಸ್ಟಾರ್ಟ್ ಮಾಡಿ ಚಕ್ರ ಹಿಡಿದು ಕೂತಳು. ನಾನು ಎಡಬದಿಯ ಒಂದೊಂದೇ ಸಾಮಾನನ್ನು ಸಲಾಕೆಯಿಂದ ಒತ್ತುತ್ತಾ ಬಂದೆ.

“ಈಗ?”

“ಉಂಟು.”

“ಈಗ?”

“ಉಂಟು, ಉಂಟು.”

ಸೈಲೆನ್ಸರಿಗೆ ಹೋಗುವ ಪೈಪಿನಡಿ ಸಲಾಕೆಯಿಟ್ಟು ಮೇಲೆತ್ತಿದೆ.

“ಹೋಯ್ತು!” ಎಂದು ಕಿರುಚಿದಳು.

“ಎಂತ ಹೋಯ್ತು?”

“ನಡುಕ! ನಡುಕ ಹೋಯ್ತು!”

ಸಲಾಕೆ ಬಿಟ್ಟೆ. “ಬಂತು!” ಎಂದಳು. ಎತ್ತಿದೆ. “ಹೋಯ್ತು!” ಬಿಟ್ಟೆ. “ಬಂತು!” ರಸ್ತೆಯಲ್ಲಿ ಹೋಗುತ್ತಿದ್ದ ಬೆಳ್ಯಪ್ಪ ಗೇಟಿನಲ್ಲಿ ನಿಂತು, “ಎಂತ ಮೋಹಿನಿಯಕ್ಕ, ಯಾರು ಹೋದದ್ದು, ಯಾರು ಬಂದದ್ದು?” ಎಂದು ಕೇಳುವುದು ಕೇಳಿಸಿತು.

ಕಣ್ಣಿಗೆ ಬಿದ್ದ ಮಣ್ಣು ಒರೆಸಿ ನೋಡಿದೆ. ಪೈಪನ್ನು ತೂಗಿಹಾಕುವ ಪಟ್ಟಿ ಯಾವಾಗಲೋ ತುಂಡಾಗಿ, ನಾನೇ ತಂತಿ ಕಟ್ಟಿದ್ದೆ. ಮಳೆಗಾಲದ ಮೊದಲು ಬಸ್ಸಿಗೆ ಸೈಡು ಕೊಡುವಾಗ ಒಂದು ಕಲ್ಲಿಗೆ ಅಡಿ ಬಡಿದಿತ್ತು. ಅಂದು ಬಾಗಿದ ಪೈಪು ಚಾಸಿಸಿಗೆ ತಾಗಿ ಕೂತಿದೆ. ಎಂಜಿನ್ನಿನ ನಡುಕ ರಬ್ಬರನ್ನು ದಾಟಬೇಕಾಗಿಯೇ ಇರಲಿಲ್ಲ. ಪೈಪಿನ ಮೇಲೆ ಇಳಿದು, ಚಾಸಿಸಿಗೆ ಹತ್ತಿ, ಸೀದಾ ಸ್ಟೇರಿಂಗಿಗೆ ಹೋಗುತ್ತಿತ್ತು. ಓಡುವಾಗ ಎಂಜಿನ್ನಿನ ವೇಗ ಏರಿ ನಡುಕ ಕರಗುತ್ತಿತ್ತು, ನಿಂತಾಗ ಮಾತ್ರ ಕೈಗೆ ಬರುತ್ತಿತ್ತು.

ಎಂಜಿನ್ ನಿಂತ ಮೇಲೆಯೂ ಸ್ವಲ್ಪ ಹೊತ್ತು ಗಾಡಿಯ ಅಡಿಯಲ್ಲೇ ಮಲಗಿದ್ದೆ. ಮೋಹಿನಿ ಬಗ್ಗಿ ನೋಡಿ, “ಅನ್ನ ಆರ್ತದೆ” ಎಂದಳು.

20 ಅಕ್ಟೋಬರ್, ಬುಧವಾರ

ಹಸನಬ್ಬ ಪೈಪನ್ನು ಬಿಚ್ಚಿ, ಕಾಯಿಸಿ, ಬಾಗಿದ್ದನ್ನು ನೆಟ್ಟಗೆ ಮಾಡಿದ. ತೂಗಿಹಾಕಲು ರಬ್ಬರಿನ ಪಟ್ಟಿ ಬೇಕು ಎಂದಾಗ ಮೋಹಿನಿ, “ನಮ್ಮ ಹೊಗೆಗೂಡಿನಲ್ಲಿ ಬೇಕಾದಷ್ಟು ಶೀಟು ಉಂಟಲ್ಲ” ಎಂದಳು. ಹಸನಬ್ಬ ನಕ್ಕ. “ಅಮ್ಮಾ, ಆ ಬಿಸಿಗೆ ನಿಮ್ಮ ಶೀಟು ಪಾಯಸ ಆಗ್ತದೆ.” ಹಳೆಯ ಲಾರಿ ಟಯರಿನಿಂದ ಪಟ್ಟಿ ಕೊಯ್ದು ಎರಡು ಬೋಲ್ಟು ಹಾಕಿದ. ಈಗ ಪೈಪಿಗೂ ಚಾಸಿಸಿಗೂ ನಡುವೆ ಮೂರು ಬೆರಳು ಹೋಗುತ್ತದೆ.

ಎಂಜಿನ್ ಸ್ಟಾರ್ಟ್ ಮಾಡಿದ. ಮೋಹಿನಿ ಹಿಡಿದಳು, ಬಳೆಯ ಸದ್ದಿಲ್ಲ. ಹಸನಬ್ಬ ಹಿಡಿದು ತಲೆಯಾಡಿಸಿದ.

“ಈಗ ನೀವು” ಎಂದಳು ಮೋಹಿನಿ.

ನನಗೆ ಹತ್ತಲು ಮನಸ್ಸೇ ಬರಲಿಲ್ಲ. ಇವರಿಬ್ಬರ ಕೈಯಲ್ಲಿ ನಿಂತ ಚಕ್ರ ನನ್ನ ಕೈಯಲ್ಲಿ ನಡುಗಿದರೆ? ಚಕ್ರದ ಮೇಲೆ ಹೊರಿಸುವ ಹಾಗೂ ಇಲ್ಲ ಇನ್ನು. ಮೋಹಿನಿ ಬೇರೇನೂ ಹೇಳದೆ ಎಡಬದಿಗೆ ಹೋಗಿ ಹತ್ತಿ ಕೂತಳು. ಹತ್ತಿದೆ. ಎರಡೂ ಕೈ ಇಟ್ಟೆ. ಕಣ್ಣು ಮುಚ್ಚಿದೆ.

ಏನೂ ಇಲ್ಲ. ಎಂಜಿನ್ನಿನ ಉಸಿರಾಟ ದೂರದಲ್ಲಿ ಎಲ್ಲೋ ಇದೆ, ನನ್ನ ಬೆರಳು ಸುಮ್ಮನಿದೆ. ಹಸನಬ್ಬ ತನ್ನ ಚಾ ಗ್ಲಾಸನ್ನೇ ಕಿಟಕಿಯಿಂದ ಕೊಟ್ಟ. ಅಂಚಿನ ತನಕ ತುಂಬಿತ್ತು. ಒಂದು ತೊಟ್ಟು ಚೆಲ್ಲದೆ ಕುಡಿದೆ. ಸಕ್ಕರೆ ಇರಲಿಲ್ಲ. ಅಂಥ ಚಾ ನಾನು ಕುಡಿದಿಲ್ಲ.

24 ಅಕ್ಟೋಬರ್, ಭಾನುವಾರ

ಕೊಟ್ಟ ಮಾತು ಉಳಿದಿತ್ತು. ಭಾವನ ಮನೆಗೆ ನಾವಿಬ್ಬರೂ ಹೋದೆವು. ಅಂಗಳದಲ್ಲಿ ಗಾಡಿಗೆಂದು ತೆಂಗಿನ ಗರಿಯ ಚಪ್ಪರ ಹಾಕಿಸಿದ್ದಾರೆ!

“ಭಾವ, ನಾನು ಮಾತು ತಪ್ಪಲಿಕ್ಕೆ ಬಂದದ್ದು.”

ಅವರ ಮುಖ ಕೆಂಪಾಯಿತು. “ಎಂತ ಮಾರಾಯ, ಇಡೀ ಕಡಬಕ್ಕೆ ಹೇಳಿ ಆಗಿದೆ. ಡ್ರೈವರನನ್ನೂ ಗೊತ್ತು ಮಾಡಿದ್ದೇನೆ. ನಾನೀಗ ಮುಖ ಎಲ್ಲಿ ಇಡುದು?”

“ಸೊಂಟ ನೋವು ಅಂತ ಹೇಳಿದ್ದು ಸುಳ್ಳು” ಎಂದು ಎಲ್ಲ ಹೇಳಿದೆ. ಅಪ್ಪನ ಹೆಸರು ಬಂದಾಗ ಅವರು ಎದ್ದು ಜಗಲಿಯ ಕಂಬ ಹಿಡಿದು ನಿಂತರು. ಅಪ್ಪನ ಕೊನೆಯ ವರ್ಷ ಕಳೆದದ್ದು ಈ ಜಗಲಿಯಲ್ಲೇ. ನಾನು ಗಾಡಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದಾಗ ಅಪ್ಪನಿಗೆ ಗಂಜಿ ತಿನ್ನಿಸಿದ್ದು ಈ ಮನುಷ್ಯ.

“ಮಾವನ ಹಾಗೆ ಆಯ್ತೂಂತ ಎಣಿಸಿದೆಯಾ?” ಎಂದರು, ಬಹಳ ಮೆಲ್ಲಗೆ. “ನನಗೆ ಹೇಳಬಾರದಿತ್ತಾ? ನಾನು ಇರಲಿಲ್ಲವಾ?”

ಒಳಗಿನಿಂದ ಚೆನ್ನಕ್ಕ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಆಮೇಲೆ ಅವರು ನನ್ನ ಬಲಗೈಯನ್ನು ಹಿಡಿದು, ತಿರುಗಿಸಿ ಮುರುಗಿಸಿ, ಹಸು ಕೊಳ್ಳುವವರ ಹಾಗೆ ನೋಡಿದರು. “ಗಟ್ಟಿ ಉಂಟು” ಎಂದರು. “ಗಾಡಿ ನಿನ್ನಲ್ಲೇ ಇರಲಿ. ಚಪ್ಪರದಲ್ಲಿ ಸೌತೆ ಬಿಡುವ. ಆದರೆ ಆ ಬೋರ್ಡು ಎಂತ ಮಾಡುದು?”

“ನಮ್ಮ ಗಾಡಿಗೇ ಹಾಕುವ” ಎಂದಳು ಮೋಹಿನಿ. “ನಿಮ್ಮ ಮನೆಯ ಹೆಸರು ನಮಗೇನು ಬೇರೆಯಾ?”

ಭಾವ ಆ ಕೂಡಲೇ ಚಾ ತರಲು ಕೂಗಿದರು.

26 ಅಕ್ಟೋಬರ್, ಮಂಗಳವಾರ

ಆಯುಧಪೂಜೆ ಚೆನ್ನಾಗಿ ಆಯಿತು. ಹಳದಿ ಬೋರ್ಡು ಕಣ್ಣಿಗೆ ಹೊಡೆಯುತ್ತದೆ. ಟಯರಿನ ಅಡಿ ಲಿಂಬೆ ಇಟ್ಟ ಮೇಲೆ ಗಾಡಿಯನ್ನು ಮುಂದೆ ತಂದದ್ದು ಮೋಹಿನಿ. ನನ್ನ ಕೈಯಲ್ಲಿ ತೆಂಗಿನಕಾಯಿ ಇತ್ತು. ಸಾಲಾಗಿ ನಾಲ್ಕೂ ಲಿಂಬೆ ಅಪ್ಪಚ್ಚಿ.

9 ನವೆಂಬರ್, ಮಂಗಳವಾರ

ಸೀಟನ್ನು ಎರಡು ಇಂಚು ಮುಂದೆ ಹಾಕಿಸಿದೆ. ಮೋಹಿನಿಗೆ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ನನಗೆ ಮೊಣಕಾಲು ತಾಗುತ್ತದೆ, ಅದೇನು ದೊಡ್ಡ ವಿಷಯವಲ್ಲ.

ಪಾಲೋಳಿಯ ಗದ್ದೆಯ ಬದಿಯಲ್ಲಿ ರಿವರ್ಸ್ ಕಲಿಸಿದೆ. ಹುಲ್ಲಿನ ಬಣವೆಯೊಂದು ಸ್ವಲ್ಪ ವಾಲಿದೆ.

4 ಡಿಸೆಂಬರ್, ಶನಿವಾರ

ಡೈರಿ ಮರೆತೇ ಹೋಗಿತ್ತು. ಸೀಟಿನಡಿ ಸ್ಪ್ಯಾನರು ಹುಡುಕುವಾಗ ಸಿಕ್ಕಿತು. ಸಿಕ್ಕಿದ ಮೇಲೆ ಇವತ್ತಿನ ಕಥೆಯೊಂದನ್ನು ಬರೆದುಬಿಡುತ್ತೇನೆ.

ಎಲ್ ಬೋರ್ಡು ಕಟ್ಟಿಕೊಂಡು, ರಬ್ಬರ್ ಶೀಟು ಹೇರಿಕೊಂಡು ಮೋಹಿನಿ ಕಡಬಕ್ಕೆ ಗಾಡಿ ಬಿಟ್ಟಳು. ನಾನು ಪಕ್ಕದಲ್ಲಿ. ಪೇಟೆಗೆ ಹತ್ತುವ ಏರಿನ ತಿರುವಿನಲ್ಲಿ ಎದುರಿನಿಂದ ಪುತ್ತೂರಿನ ಬಸ್ಸು. ರಸ್ತೆ ಒಂದು ಗಾಡಿಯದ್ದು. ಬಸ್ಸಿನವನು ಹಾರ್ನ್ ಹೊಡೆದ. ಇವಳೂ ಹೊಡೆದಳು.

“ನಾನು ಹಿಂದೆ ತೆಗೀತೇನೆ, ಇಲ್ಲಿ ಬಾ” ಎಂದೆ.

“ಬೇಡ. ನೀವು ಇಳಿದು ಅವನಿಗೆ ಹೇಳಿ, ಅವನು ಸ್ವಲ್ಪ ಹಿಂದೆ ಹೋಗಲಿ. ನಾನು ಏರಿನಲ್ಲಿ ಉಂಟಲ್ಲ.”

ಏರು ಹತ್ತುವ ಗಾಡಿಗೇ ಮೊದಲು ದಾರಿ, ಕಾನೂನು ಅವಳ ಕಡೆಯೇ ಇತ್ತು. ಇಳಿದೆ. ಬಸ್ಸಿನವನಿಗೆ ಕೈಮುಗಿದು, ಅವನನ್ನು ರಸ್ತೆ ಅಗಲವಿದ್ದಲ್ಲಿಗೆ ಹಿಂದೆ ತೆಗೆಸಿ, ನಡುರಸ್ತೆಯಲ್ಲಿ ನಿಂತು ನಮ್ಮ ಗಾಡಿಗೆ ಕೈ ಬೀಸಿದೆ: “ಬರಲಿ... ಬರಲಿ... ರೈಟಿಗೆ... ಬರಲಿ!” ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಗ್ಯಾರೇಜಿನಿಂದ ಹಸನಬ್ಬ ಕೂಗಿದ:

“ಎಂತ ರೈಗಳೇ, ಕ್ಲೀನರ್ ಕೆಲಸ ಸಿಕ್ಕಿತಾ?”

“ಸಿಕ್ಕಿತು ಮಾರಾಯ, ಪರ್ಮನೆಂಟ್!”

ಗಾಡಿ ಮೆಲ್ಲನೆ ಬಂತು, ಬಸ್ಸಿನ ಪಕ್ಕದಿಂದ ಒಂದು ಗೆರೆಯೂ ತಾಗದೆ ದಾಟಿತು. ನಿಲ್ಲುತ್ತಾಳೆಂದು ನಾನು ಬಾಗಿಲಿಗೆ ಕೈಹಾಕಿದೆ. ಏರಿನಲ್ಲಿ ನಿಲ್ಲಿಸಿದರೆ ಹಿಂದೆ ಜಾರುತ್ತದೆಂದು ಅವಳು ನಿಲ್ಲಿಸಲೇ ಇಲ್ಲ! ಓಡಿದೆ. ಹಿಂದಿನ ಸರಪಣಿ ಹಿಡಿದು ಹಾರಿ, ಶೀಟಿನ ಕಟ್ಟುಗಳ ಮೇಲೆ ಬಿದ್ದು, ತಿರುಗಿ ಕೂತೆ. ಬಸ್ಸಿನವರು ಚಪ್ಪಾಳೆ ಹೊಡೆದರು.

ಆ ರಸ್ತೆಯಲ್ಲಿ ಎಷ್ಟು ವರ್ಷ ಗಾಡಿ ಬಿಟ್ಟಿದ್ದೇನೆ. ಹಿಂದೆ ಕೂತು, ರಸ್ತೆ ದೂರ ಹೋಗುವುದನ್ನು ನೋಡಿದ್ದು ಇದೇ ಮೊದಲು. ತಿರುವಿನ ಆಚೆ ಕುಮಾರಧಾರೆಯ ಕಡೆಯ ಕಾಡೆಲ್ಲ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ ಅವಳ ದನಿ ಬಂತು, ತಲೆ ತಿರುಗಿಸದೆ:

“ಹತ್ತಿದಿರಾ?”

“ಹತ್ತಿದೆ. ಹೋಗುವ.”